ಬಾ ಎನ್ನುವ ಮಾತು, ಬನ್ನಿ ಎನ್ನುವ ಮಾತು

(ಮಂಡ್ಯದ ಒಂದು ಪ್ರೌಢಶಾಲೆಯಲ್ಲಿ ಪೋಷಕರನ್ನೂ ಶಿಕ್ಷಕರನ್ನೂ ಉದ್ದೇಶಿಸಿ ಆಡಿದ ಮಾತುಗಳ ಬರಹ ರೂಪ. ಆಡುವ ಭರದಲ್ಲಿ ಹಿಂದುಮುಂದಾಗಿದ್ದ ಕೆಲವು ಸಂಗತಿಗಳನ್ನು ಸರಿಪಡಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಪೋಷಕ ಬಂಧುಗಳೇ, ಶಿಕ್ಷಕ ಮಿತ್ರರೇ,

ಮಕ್ಕಳಿಗೆ ದಿನನಿತ್ಯದ ಬದುಕಿನಲ್ಲಿ ಗೌರವದಿಂದ ನಡೆದುಕೊಳ್ಳುವುದನ್ನು ಕಲಿಸುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಇಂಥ ವಿಷಯವನ್ನು ಎತ್ತಿಕೊಂಡವರು ಒಂದು ವಚನದಿಂದಲೋ ಒಂದು ಸುಭಾಷಿತದಿಂದಲೋ ಆರಂಭಿಸುವುದು ವಾಡಿಕೆ. ಆಮೇಲೆ ಈಗಿನ ಮಕ್ಕಳು ಕೆಟ್ಟುಹೋದರು, ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದು ನಿಟ್ಟುಸಿರು ಬಿಡುವುದು ಅದಕ್ಕಿಂತಲೂ ಹಳೆಯ ವಾಡಿಕೆ. ಮೂವತ್ತಕ್ಕೂ ಹೆಚ್ಚು ವರ್ಷ ಇದೇ ಜಿಲ್ಲೆಯ ಶಾಲೆಗಳಲ್ಲಿ ಕನ್ನಡ ಮೇಷ್ಟ್ರಾಗಿದ್ದ ನಾನು ಎರಡನ್ನೂ ಬೇಕಾದಷ್ಟು ಸಲ ಮಾಡಿದ್ದೇನೆ. ಇವತ್ತು ಬಸ್ಸಿನಲ್ಲಿ ಕಂಡ ಒಂದು ಪ್ರಸಂಗದಿಂದ ಆರಂಭಿಸುತ್ತೇನೆ.

ಕೆಲವು ತಿಂಗಳ ಹಿಂದೆ ಮೈಸೂರಿನಿಂದ ಮಂಡ್ಯಕ್ಕೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕುಳಿತಿದ್ದ ಯುವಕರೊಬ್ಬರು ತಿರುಗಿ ನೋಡಿ, ಗುರುತು ಹಿಡಿದು, ಎದ್ದು ನಿಂತು ಕೈಮುಗಿದರು. ಹಳೆಯ ವಿದ್ಯಾರ್ಥಿ. ಪಕ್ಕದಲ್ಲಿ ಆರೇಳು ವರ್ಷದ ಮಗನಿದ್ದ. 'ನಮ್ಮ ಮೇಷ್ಟ್ರು ಕಣ್ ಮಗಾ ಇವ್ರು, ನಮಸ್ಕಾರ ಮಾಡು' ಎಂದರು. ಹುಡುಗ ಚೆಂದವಾಗಿ ಎರಡೂ ಕೈ ಜೋಡಿಸಿದ. ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಬಸ್ಸು ಶ್ರೀರಂಗಪಟ್ಟಣದಲ್ಲಿ ನಿಂತಿತು. ಸೌತೆಕಾಯಿ ಮಾರುವವರೊಬ್ಬರು ಬುಟ್ಟಿ ಹೊತ್ತು ಕಿಟಕಿಯ ಕೆಳಗೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ವಯಸ್ಸಿನಲ್ಲಿ ನನಗಿಂತ ಹಿರಿಯರೇ ಇರಬೇಕು. ನನ್ನ ವಿದ್ಯಾರ್ಥಿ ಕಿಟಕಿಯಿಂದ ತಲೆ ಹೊರಗೆ ಹಾಕಿ, 'ಏಯ್ ಸೌತೆಕಾಯಿ, ಬಾರ್ಲಾ ಇಲ್ಲಿ, ಎಷ್ಟ್ಲಾ?' ಎಂದರು. ಆ ಹಿರಿಯರು ಬೆಲೆ ಹೇಳಿ, ಸೌತೆಕಾಯಿಯನ್ನು ಉದ್ದಕ್ಕೆ ನಾಲ್ಕು ಸೀಳಿ, ಉಪ್ಪುಖಾರ ಸವರತೊಡಗಿದರು. ಅಷ್ಟರಲ್ಲಿ ಹುಡುಗ ಅಪ್ಪನ ತೋಳಿನ ಕೆಳಗಿನಿಂದ ತಲೆ ತೂರಿಸಿ, ಅಪ್ಪನ ಧ್ವನಿಯನ್ನೇ ತಂದುಕೊಂಡು, 'ಏಯ್ ಸೌತೆಕಾಯಿ, ಖಾರ ಕಮ್ಮಿ ಹಾಕ್ಲಾ' ಎಂದ.

ಸುತ್ತಲಿದ್ದವರೆಲ್ಲ ನಕ್ಕರು. ಅಪ್ಪ ಹೆಮ್ಮೆಯಿಂದ ಮಗನ ಬೆನ್ನು ತಟ್ಟಿದರು. ಮಾರುವವರೂ ನಕ್ಕರು. ನಗುತ್ತಲೇ, 'ಹಾಕಾಕಿಲ್ಲ ಬುದ್ಧಿ' ಎಂದರು.

ಆರು ವರ್ಷದ ಹುಡುಗನಿಗೆ ಎಪ್ಪತ್ತು ವರ್ಷದವರು ಹೇಳಿದ ಆ 'ಬುದ್ಧಿ' ಎಂಬ ಮಾತು ಮಂಡ್ಯ ತಲುಪುವವರೆಗೂ ನನ್ನ ಕಿವಿಯಲ್ಲಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಹುಡುಗನ ಕಡೆಯಿಂದ ನೋಡೋಣ. ಅರ್ಧ ಗಂಟೆಯೊಳಗೆ ಅವನಿಗೆ ಎರಡು ಪಾಠಗಳಾದವು. ಮೇಷ್ಟ್ರಿಗೆ ಕೈಮುಗಿಯಬೇಕು ಎಂಬ ಮೊದಲ ಪಾಠವನ್ನು ಬಾಯಿಬಿಟ್ಟು ಹೇಳಿಕೊಡಲಾಯಿತು. ಎರಡನೆಯದನ್ನು ಯಾರೂ ಹೇಳಿಕೊಡಲಿಲ್ಲ. ಅವನೇ ಕೇಳಿ ಹಿಡಿದುಕೊಂಡ, ಪ್ರಯೋಗ ಮಾಡಿ ನೋಡಿದ, ಇಡೀ ಬಸ್ಸು ನಕ್ಕು ಅವನನ್ನು ಪಾಸು ಮಾಡಿತು. ಇವೆರಡರಲ್ಲಿ ಯಾವುದು ಅವನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ ಎಂಬುದನ್ನು ನಿಮ್ಮ ಊಹೆಗೇ ಬಿಡುತ್ತೇನೆ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು 72 ಪುಟ್ಟ ಮಕ್ಕಳನ್ನು ಇಟ್ಟುಕೊಂಡು ನಡೆಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಗಾಳಿ ತುಂಬಿದ ಬೊಂಬೆಯೊಂದನ್ನು ದೊಡ್ಡವರು ಹೊಡೆದು ಬಡಿದು ಮಾಡುವುದನ್ನು ಕಂಡ ಮಕ್ಕಳು, ತಮ್ಮ ಪಾಡಿಗೆ ಬಿಟ್ಟಾಗ, ಅದನ್ನೇ ಮಾಡಿದರು. ಹೊಡೆತವನ್ನಷ್ಟೇ ಅನುಕರಿಸಲಿಲ್ಲ, ಹೊಡೆಯುವಾಗ ದೊಡ್ಡವರು ಆಡಿದ ಮಾತುಗಳನ್ನೂ ಹಾಗೆಯೇ ಆಡಿದರು. ನಮ್ಮ ಅಜ್ಜಿಯರು ಇದಕ್ಕೆ ಪ್ರಯೋಗ ಬೇಕೇ ಎಂದು ಕೇಳಿಯಾರು. ಆದರೆ ಆ ಮಾತನ್ನು ಬಲ್ಲ ಅಜ್ಜಿಯರ ಮನೆಯಲ್ಲೇ ಬೆಳೆದ ನಾವು ಬಸ್ಸಿನಲ್ಲಿ ನಕ್ಕೆವಲ್ಲ.

ಕನ್ನಡವನ್ನು ಬೋಧಿಸಿ ಬದುಕಿದವನಾದ್ದರಿಂದ ಈ ವಿಷಯ ನನಗೆ ಮೊದಲು ಕಾಣುವುದು ವ್ಯಾಕರಣವಾಗಿ. ನಮ್ಮ ನುಡಿಯಲ್ಲಿ ಗೌರವವನ್ನು ಮನಸ್ಸಿನಲ್ಲಿ ಮುಚ್ಚಿಟ್ಟುಕೊಂಡು ಮಾತನಾಡಲು ಆಗುವುದಿಲ್ಲ. 'ಬಾ' ಎನ್ನಬೇಕೋ 'ಬನ್ನಿ' ಎನ್ನಬೇಕೋ, 'ಬಂದ' ಎನ್ನಬೇಕೋ 'ಬಂದರು' ಎನ್ನಬೇಕೋ ಎಂಬುದನ್ನು ತೀರ್ಮಾನಿಸದೆ ಒಂದು ವಾಕ್ಯವನ್ನೂ ಮುಗಿಸಲಾಗುವುದಿಲ್ಲ. ಆ ತೀರ್ಮಾನವನ್ನು ನಾವು ದಿನಕ್ಕೆ ನೂರಾರು ಸಲ, ಯೋಚಿಸದೆ, ಮಗುವಿನ ಕಿವಿಗೆ ಬೀಳುವಂತೆ ಮಾಡುತ್ತಿರುತ್ತೇವೆ. 'ಡಾಕ್ಟರು ಬಂದರು', 'ಹಾಲಿನವನು ಬಂದ'. 'ಮೇಷ್ಟ್ರು ಹೇಳಿದರು', 'ಜವಾನ ಹೇಳಿದ'. ಕೆಲವು ಕಸುಬುಗಳ ಹೆಸರಿಗೆ ಬಹುವಚನ ಅಂಟಿಕೊಂಡೇ ಬಂದಿದೆ: ಮೇಷ್ಟ್ರು, ಡಾಕ್ಟ್ರು, ಗೌಡ್ರು, ಭಟ್ಟರು. ಇನ್ನು ಕೆಲವಕ್ಕೆ ಅದು ಎಂದೂ ಅಂಟಲಿಲ್ಲ: ಅಗಸ, ಕುಂಬಾರ, ಡ್ರೈವರ್, ಕಂಡಕ್ಟರ್. ಶಾಲೆಗೆ ಸೇರುವ ಹೊತ್ತಿಗೆ ಮಗುವಿಗೆ ಈ ಪಟ್ಟಿ ಪೂರ್ತಿ ಬಾಯಿಗೆ ಬಂದಿರುತ್ತದೆ. ನಾವು ಏಳನೇ ತರಗತಿಯಲ್ಲಿ ವಚನಗಳನ್ನು ಕುರಿತು, ಅಂದರೆ ಏಕವಚನ ಬಹುವಚನಗಳನ್ನು ಕುರಿತು, ಪಾಠ ಮಾಡಲು ನಿಲ್ಲುವಾಗ ಕಲಿಸಲು ಉಳಿದಿರುವುದು ಕಡಿಮೆ.

ಹಾಗೆಂದು ಎಲ್ಲರಿಗೂ ಬಹುವಚನ ಹಚ್ಚಿಬಿಟ್ಟರೆ ಕೆಲಸ ಮುಗಿಯಿತೆಂದು ನಾನು ಹೇಳಲಾರೆ. ದೇವರನ್ನು ನಾವು 'ನೀನು' ಎನ್ನುತ್ತೇವೆ, ಅವ್ವನನ್ನೂ 'ನೀನು' ಎನ್ನುತ್ತೇವೆ. ಎರಡು ಕಡೆಯೂ ಗೌರವಕ್ಕೆ ಕೊರತೆಯಿಲ್ಲ. 'ಬಾರಣ್ಣ', 'ಕೂತ್ಕೊಳ್ಳವ್ವ' ಎಂಬ ಮಾತುಗಳಲ್ಲಿ ಕ್ರಿಯಾಪದ ಏಕವಚನದಲ್ಲೇ ಇದೆ, ಆದರೆ ಅಣ್ಣ, ಅವ್ವ ಎಂಬ ನಂಟಿನ ಹೆಸರು ಅದನ್ನು ಕೈಹಿಡಿದು ಮೇಲೆತ್ತುತ್ತದೆ. ನಮ್ಮ ಮಂಡ್ಯದ 'ಲಾ' ಕೂಡ ಹಾಗೆಯೇ. ಜೊತೆಯಲ್ಲಿ ಬೆಳೆದ ಇಬ್ಬರು ಗೆಳೆಯರು ಹತ್ತು ವರ್ಷದ ಮೇಲೆ ಸಿಕ್ಕಾಗ 'ಏನ್ಲಾ ಮಗ' ಎನ್ನದೆ 'ತಾವು ಕ್ಷೇಮವೇ' ಎಂದರೆ ಏನೋ ಜಗಳವಾಗಿದೆ ಎಂದೇ ತಿಳಿಯಬೇಕು. ಹೊರಗಿನವರು ನಮ್ಮ ಭಾಷೆಯನ್ನು ಒರಟು ಎಂದು ನಕ್ಕಾಗಲೆಲ್ಲ ನಾನು ಈ 'ಲಾ'ದ ಪರವಾಗಿ ವಾದ ಮಾಡಿದ್ದೇನೆ, ಮುಂದೆಯೂ ಮಾಡುತ್ತೇನೆ. ಬಸ್ಸಿನಲ್ಲಿ ಕೇಳಿದ 'ಲಾ' ಬೇರೆ. ಗೆಳೆಯನಿಗೆ ಹೇಳಿದ 'ಲಾ'ಗೆ ಗೆಳೆಯನೂ 'ಲಾ' ಎಂದೇ ತಿರುಗಿ ಹೇಳುತ್ತಾನೆ. ಸೌತೆಕಾಯಿ ಮಾರುವವರು ತಿರುಗಿ ಹಾಗೆ ಹೇಳುವಂತಿರಲಿಲ್ಲ, ಅವರು 'ಬುದ್ಧಿ' ಎನ್ನಬೇಕಾಯಿತು. ಒಂದು ಮಾತು ಗೌರವದ್ದೋ ಅಲ್ಲವೋ ಎಂದು ತಿಳಿಯಲು ನಾನು ಮಕ್ಕಳಿಗೆ ಹೇಳುತ್ತಿದ್ದ ಗುರುತು ಇದೊಂದೇ: ಅದೇ ಮಾತನ್ನು ಅವರು ನಿನಗೆ ತಿರುಗಿ ಹೇಳಬಹುದೇ?

'ಬುದ್ಧಿ' ಎಂಬುದನ್ನು ಇಲ್ಲಿರುವ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಕಿರಿಯರಿಗಾಗಿ ಹೇಳುತ್ತೇನೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಜಮೀನಿದ್ದವರನ್ನೂ ಮೇಲುಜಾತಿಯವರನ್ನೂ ಕೂಲಿಯವರು, ಅದರಲ್ಲೂ ದಲಿತರು, ಹೆಸರು ಹಿಡಿಯದೆ 'ಬುದ್ಧಿ' ಎಂದು ಕರೆಯಬೇಕಾಗಿತ್ತು. ನಾನು ಹುಟ್ಟಿ ಬೆಳೆದದ್ದು ಅಂಥದೇ ಒಂದು ಹಳ್ಳಿಯಲ್ಲಿ, ಕರೆಸಿಕೊಳ್ಳುವವರ ಮನೆಯಲ್ಲಿ. ನಮ್ಮ ಗದ್ದೆಯ ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಾಲೆಯ ಏರಿಯ ಮೇಲೆ ನಡೆಯುತ್ತಿದ್ದರು. ಹೆಗಲ ಮೇಲೆ ಕುಳಿತ ನಾನು ಅವರನ್ನು ಹೆಸರು ಹಿಡಿದು, 'ಬೇಗ ನಡೀಲಾ' ಎನ್ನುತ್ತಿದ್ದೆ. ಅವರು ನನ್ನನ್ನು 'ಚಿಕ್ಕ ಬುದ್ಧಿ' ಎನ್ನುತ್ತಿದ್ದರು. ನಮ್ಮ ಮನೆಯ ಹಿತ್ತಲಿನ ಕಡೆ, ಸೂರಿನ ಹೆಂಚಿನ ಸಂದಿಯಲ್ಲಿ, ಅವರಿಗೆಂದೇ ಒಂದು ಅಲ್ಯುಮಿನಿಯಂ ಲೋಟವಿತ್ತು. ಅವರೇ ಅದನ್ನು ತೆಗೆದು, ತೊಳೆದು, ಎರಡು ಕೈಯಲ್ಲಿ ಹಿಡಿದು ನಿಲ್ಲಬೇಕು. ಅವ್ವ ಎತ್ತರದಿಂದ ಕಾಫಿ ಹುಯ್ಯಬೇಕು. ಕುಡಿದಾದ ಮೇಲೆ ಅವರೇ ಮತ್ತೆ ತೊಳೆದು ಸಂದಿಯಲ್ಲಿ ಸಿಕ್ಕಿಸಬೇಕು. ಒಂದು ದಿನ ನನ್ನ ಚೆಂಡು ಸೂರಿನ ಮೇಲೆ ಸಿಕ್ಕಿಕೊಂಡು, ಅದನ್ನು ಕೋಲಿನಿಂದ ತೆಗೆಯಹೋದಾಗ ಲೋಟ ಉರುಳಿಬಿತ್ತು. ಎತ್ತಿಕೊಂಡು ಒಳಗೆ ತಂದೆ. ಅವ್ವ ಬೆಚ್ಚಿಬಿದ್ದು, 'ಅದನ್ಯಾಕ್ ಮುಟ್ದೆ?' ಎಂದರು. ನಾನು ಯಾಕೆ ಎಂದು ಕೇಳಲಿಲ್ಲ. ಕೇಳದೆಯೇ ಅರ್ಥವಾಗಿತ್ತು. ಎಂಟು ವರ್ಷಕ್ಕೆ ಅಷ್ಟು ಕಲಿತಿದ್ದೆ.

ಸಂವಿಧಾನದ 17ನೇ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದು ಮಾಡಿತ್ತು. ಸೂರಿನ ಸಂದಿಯ ಲೋಟಕ್ಕೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ನಮ್ಮ ಅವ್ವ ಕೆಟ್ಟವರಾಗಿರಲಿಲ್ಲ; ಅತಿಥಿಗಳು ಬಂದರೆ ನಾವು ಎದ್ದು ನಿಲ್ಲದಿದ್ದರೆ ಬೈಯುತ್ತಿದ್ದರು, ಹಿರಿಯರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತರೆ ಕಣ್ಣಲ್ಲೇ ಗದರುತ್ತಿದ್ದರು, ಊಟಕ್ಕೆ ಕುಳಿತಾಗ ದೊಡ್ಡವರು ಏಳುವ ಮೊದಲು ಏಳಲು ಬಿಡುತ್ತಿರಲಿಲ್ಲ. ಅಂದರೆ ನಮ್ಮ ಮನೆಯಲ್ಲಿ ಗೌರವದ ಪಾಠಕ್ಕೆ ಕೊರತೆಯಿರಲಿಲ್ಲ. ಆ ಪಾಠವೆಲ್ಲ ಮೇಲ್ಮುಖವಾಗಿತ್ತು, ಅಷ್ಟೇ. ಇಂದು ಲೋಟ ಬಹುಮಟ್ಟಿಗೆ ಹೋಗಿದೆ. ಆದರೆ ಮೈಸೂರಿನ ಬಡಾವಣೆಗಳಲ್ಲಿ, ಓದಿದವರ ಮನೆಗಳಲ್ಲಿ, ಪಾತ್ರೆ ತೊಳೆಯಲು ಬರುವವರಿಗೆಂದು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಬೇರೆ ಲೋಟ ಇಟ್ಟಿರುವುದನ್ನು ನಾನು ಈಗಲೂ ಕಂಡಿದ್ದೇನೆ. ಅದು ಸ್ಟೀಲಿನದು, ಅಷ್ಟೇ ವ್ಯತ್ಯಾಸ. ಆ ಮನೆಯ ಮಗುವಿಗೆ ಗೌರವ ಕಲಿಸುವ ತರಗತಿಗೆ ಕಳುಹಿಸಿ ಏನು ಪ್ರಯೋಜನ?

ಮಕ್ಕಳು ನಮಗೆ ಗೌರವ ಕೊಡುತ್ತಿಲ್ಲ ಎಂದು ಗೋಳಾಡುವ ನಾವು ನೋಡದೆ ಬಿಡುವ ಸಂಗತಿ ಇದು. ನಾವು ನಮಗಿಂತ ಮೇಲಿನವರೊಂದಿಗೆ ಹೇಗೆ ನಡೆದುಕೊಳ್ಳುತ್ತೇವೆ ಎಂಬುದನ್ನು ನೋಡಿ ಮಗು ಜಾಣತನವನ್ನು ಕಲಿಯುತ್ತದೆ. ಯಾರಿಂದ ನಮಗೆ ಏನೂ ಆಗಬೇಕಾಗಿಲ್ಲವೋ ಅವರೊಂದಿಗೆ ಹೇಗೆ ನಡೆದುಕೊಳ್ಳುತ್ತೇವೆ ಎಂಬುದನ್ನು ನೋಡಿ ಗೌರವವನ್ನೋ ಅಗೌರವವನ್ನೋ ಕಲಿಯುತ್ತದೆ. ಅಪ್ಪ ಮುದುಕನಾದ ದಿನ, ಅವ್ವನ ಕೈಯಲ್ಲಿ ದುಡ್ಡಿಲ್ಲದ ದಿನ, ಅವರೂ ಆ ಎರಡನೆಯ ಗುಂಪಿಗೆ ಸೇರಿಬಿಡುತ್ತಾರೆ. ತಂದೆತಾಯಿಯರ ಪೋಷಣೆಗೆಂದು 2007ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಬೇಕಾಗಿ ಬಂದದ್ದನ್ನು ನೆನೆದಾಗಲೆಲ್ಲ ನನಗೆ ಆ ಸೌತೆಕಾಯಿಯವರ ನಗು ಕಣ್ಣ ಮುಂದೆ ಬರುತ್ತದೆ.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿ ಏಳೆಂಟು ವರ್ಷವಾಗಿತ್ತು. ಹತ್ತನೇ ತರಗತಿಯ ಒಬ್ಬ ಹುಡುಗ ದಿನವೂ ಮೊದಲ ಪೀರಿಯಡ್ಡಿಗೆ ತಡವಾಗಿ ಬರುತ್ತಿದ್ದ. ಹೊಡೆಯುವ ಅಭ್ಯಾಸ ನನಗಿರಲಿಲ್ಲ, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಬದಲಾಗಿ ನಾನು ಮಾತಿನ ಚಮತ್ಕಾರ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತಾಗ, 'ಓಹೋ, ಪ್ರಭುಗಳು ಚಿತ್ತೈಸಿದರು, ಎಲ್ಲರೂ ಎದ್ದು ನಿಂತು ಬರಮಾಡಿಕೊಳ್ಳಿ' ಎಂದೆ. ನಲವತ್ತು ಮಕ್ಕಳೂ ಎದ್ದು ನಿಂತರು. ಅವನು ತಲೆ ತಗ್ಗಿಸಿಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತ. ಮಾರನೆಯ ದಿನದಿಂದ ಅವನಿಗೆ ತರಗತಿಯಲ್ಲಿ 'ಪ್ರಭು' ಎಂಬ ಹೆಸರೇ ಆಯಿತು. ಅವನ ಅಪ್ಪ ಹಾಸಿಗೆ ಹಿಡಿದಿದ್ದರೆಂದೂ, ಬೆಳಿಗ್ಗೆ ಎರಡು ಹಸುಗಳ ಹಾಲು ಕರೆದು ಡೇರಿಗೆ ಹಾಕಿ, ಸರತಿಯಲ್ಲಿ ನಿಂತು ಅಳೆಸಿ, ಆಮೇಲೆ ಮೂರು ಮೈಲಿ ಸೈಕಲ್ ತುಳಿದು ಅವನು ಬರುತ್ತಿದ್ದನೆಂದೂ ನನಗೆ ತಿಳಿದದ್ದು ಎರಡು ವಾರದ ಮೇಲೆ, ಸಹೋದ್ಯೋಗಿಯೊಬ್ಬರಿಂದ. ವ್ಯಾಕರಣದ ದೃಷ್ಟಿಯಿಂದ ನನ್ನ ಮಾತು ಪೂರ್ಣ ಗೌರವದ್ದಾಗಿತ್ತು ನೋಡಿ. ಅದರಲ್ಲಿ ಬಹುವಚನವಲ್ಲದೆ ಬೇರೇನೂ ಇರಲಿಲ್ಲ.

ಅದೇ ತರಗತಿಯ ಮುಂದೆ ಅವನ ಕ್ಷಮೆ ಕೇಳಲು ನನಗೆ ಇನ್ನೂ ಒಂದು ವಾರ ಬೇಕಾಯಿತು. ಮೇಷ್ಟ್ರು ವಿದ್ಯಾರ್ಥಿಯ ಕ್ಷಮೆ ಕೇಳಿದರೆ ಸದರವಾಗಿಬಿಡುತ್ತಾರೆ ಎಂದು ಹಿರಿಯ ಶಿಕ್ಷಕರೊಬ್ಬರು ಎಚ್ಚರಿಸಿದ್ದರು. 'ಅವತ್ತು ನಾನು ಆಡಿದ ಮಾತು ತಪ್ಪು, ನಿನ್ನನ್ನು ಕೇಳಿ ತಿಳಿದುಕೊಳ್ಳಬೇಕಿತ್ತು' ಎಂದಷ್ಟೇ ಹೇಳಿದೆ. ಸಿನಿಮಾದಲ್ಲಿ ಆಗುವಂಥದ್ದೇನೂ ಆಗಲಿಲ್ಲ. ಅವನು ಸುಮ್ಮನೆ ತಲೆಯಾಡಿಸಿದ. ತಡವಾಗಿ ಬರುವುದೂ ನಿಲ್ಲಲಿಲ್ಲ, ಹಸುಗಳು ನನ್ನ ಕ್ಷಮೆಗೆ ಕಾಯುತ್ತಿರಲಿಲ್ಲವಲ್ಲ. ಆದರೆ ಅಂದಿನಿಂದ ಅವನು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ 'ಡೇರಿ ಲೇಟಾಯ್ತು ಸಾ' ಎನ್ನತೊಡಗಿದ. ಅದುವರೆಗೂ ಅವನು ನನ್ನ ಮುಖವನ್ನೇ ನೋಡುತ್ತಿರಲಿಲ್ಲ ಎಂಬುದು ಆಗ ಗಮನಕ್ಕೆ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣ ಮಕ್ಕಳ ಮೇಲೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದಾಗ, ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಅನೇಕರು ಇನ್ನು ಪಾಠ ಮಾಡುವುದು ಹೇಗೆ ಎಂದು ಗೊಣಗಿದರು. ನಾನು ಸುಮ್ಮನಿದ್ದೆ. ಆ ಎರಡನೆಯ ಮಾತು ಯಾರಿಗಾಗಿ ಬರೆದದ್ದೆಂದು ನನಗೆ ಗೊತ್ತಿತ್ತು.

ದೊಡ್ಡವರು ಚಿಕ್ಕವರಿಗೆ ಗೌರವ ಕೊಡುವುದೆಂದರೆ ಅವರನ್ನು ತಲೆಯ ಮೇಲೆ ಕೂರಿಸಿಕೊಳ್ಳುವುದಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಇದಕ್ಕೆ ಗೋಲಿಯಾಟದಲ್ಲಿ ಉತ್ತರವಿದೆ. ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ ಎಂಬ ಮನೋವಿಜ್ಞಾನಿ ಜಿನೀವಾ ಮತ್ತು ನ್ಯೂಶಾಟೆಲ್ ಊರುಗಳ ಹುಡುಗರು ಗೋಲಿಯಾಡುವುದನ್ನು ಕುಳಿತು ನೋಡಿ, ಅವರನ್ನು ಮಾತನಾಡಿಸಿ, 1932ರಲ್ಲಿ ತಾನು ಕಂಡದ್ದನ್ನು ಪ್ರಕಟಿಸಿದರು. ಪುಟ್ಟ ಮಕ್ಕಳನ್ನು ಆಟದ ನಿಯಮಗಳನ್ನು ಬದಲಾಯಿಸಬಹುದೇ ಎಂದು ಕೇಳಿದರೆ, ಅದು ದೊಡ್ಡವರು ಮಾಡಿದ್ದು, ಮುಟ್ಟಕೂಡದು ಎನ್ನುತ್ತಿದ್ದರು; ಆದರೆ ಆಡುವಾಗ ಒಬ್ಬೊಬ್ಬರೂ ತಮಗೆ ತೋಚಿದಂತೆ ಆಡುತ್ತಿದ್ದರು. ಹತ್ತು ಹನ್ನೊಂದು ವರ್ಷ ದಾಟಿದ ಹುಡುಗರು, ಎಲ್ಲರೂ ಒಪ್ಪಿದರೆ ನಿಯಮ ಬದಲಾಯಿಸಬಹುದು ಎನ್ನುತ್ತಿದ್ದರು. ಆದರೆ ಒಪ್ಪಿಕೊಂಡ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಮೊದಲನೆಯದಕ್ಕೆ ಪಿಯಾಜೆ ಒಮ್ಮುಖವಾದ ಗೌರವ ಎಂದರು, ಎರಡನೆಯದಕ್ಕೆ ಪರಸ್ಪರ ಗೌರವ ಎಂದರು. ನಮ್ಮ ಹಳ್ಳಿಯ ಅರಳಿಕಟ್ಟೆಯ ಪಕ್ಕ ಕುಳಿ ತೋಡಿ ಗೋಲಿ ಆಡಿದ ಯಾರಿಗಾದರೂ ಇದು ನಿಜವೆಂದು ಗೊತ್ತು. ಅಲ್ಲಿ ಯಾವ ಮೇಷ್ಟ್ರೂ ಇರುತ್ತಿರಲಿಲ್ಲ. ಕಳ್ಳಾಟ ಆಡಿದವನಿಗೆ ಎಲ್ಲರೂ ಟೂ ಬಿಡುತ್ತಿದ್ದರು, ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ. ಜೊತೆಗೆ ಬಂದ ಪುಟ್ಟ ತಮ್ಮನನ್ನು ಓಡಿಸುವ ಬದಲು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುತ್ತಿದ್ದೆವು. ಒಂದೆರಡು ವರ್ಷದಲ್ಲಿ ಅವನು ಲೆಕ್ಕಕ್ಕೂ ಬರುತ್ತಿದ್ದ. ನಮ್ಮ ಮನೆಗಳಲ್ಲಿ ಮಕ್ಕಳು ಹದಿನೆಂಟು ತುಂಬಿದರೂ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಹಬ್ಬಕ್ಕೆ ಯಾರ ಮನೆಗೆ ಹೋಗಬೇಕು, ಮನೆಗೆ ಯಾವ ಬಣ್ಣ ಹೊಡೆಸಬೇಕು ಎಂದು ಅವರನ್ನು ಒಂದು ಮಾತು ಕೇಳಿದವರು ಇಲ್ಲಿ ಎಷ್ಟು ಜನರಿದ್ದೀರಿ? ಕೈ ಎತ್ತುವುದು ಬೇಡ.

ಇನ್ನೊಂದು ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ, ಹೇಳದೆ ಬಿಡುವಂತಿಲ್ಲ. 'ದೊಡ್ಡವರು ಹೇಳಿದ ಮೇಲೆ ಕೇಳಬೇಕು' ಎಂಬುದನ್ನೇ ಗೌರವವೆಂದು ಕಲಿಸಿದರೆ, ದೊಡ್ಡವರಲ್ಲೇ ಒಬ್ಬರು ಮಗುವಿನ ಮೈಮೇಲೆ ಕೈ ಹಾಕಿದಾಗ ಮಗು ಬಾಯಿ ಬಿಡುವುದಿಲ್ಲ. 2012ರ ಪೋಕ್ಸೋ ಕಾಯ್ದೆಯಡಿ ಬರುವ ದೂರುಗಳಲ್ಲಿ ಆರೋಪಿ ಮಗುವಿಗೆ ಗೊತ್ತಿರುವವನೇ ಆಗಿರುವುದು ಸಾಮಾನ್ಯ. ಆದ್ದರಿಂದ ಮನೆಗೆ ಬಂದ ನೆಂಟರ ತೊಡೆಯ ಮೇಲೆ ಕೂರಲು, ಮುತ್ತು ಕೊಡಲು ಒಲ್ಲದ ಮಗುವನ್ನು 'ಎಷ್ಟು ಸೊಕ್ಕು ನೋಡಿ' ಎಂದು ಬೈಯಬೇಡಿ. ದೂರದಿಂದಲೇ ನಮಸ್ಕಾರ ಎಂದರೆ ಸಾಕು, ಅದೂ ಆಗದೆ ಅವ್ವನ ಸೆರಗಿನ ಹಿಂದೆ ನಿಂತರೆ ಅದೂ ಸರಿಯೇ. ಬೇಡ ಎನ್ನುವುದನ್ನು, ಅದನ್ನು ಒರಟಾಗದೆ ಹೇಳುವುದನ್ನು ಕಲಿಸಿ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನೂ ಬಾಯಿಪಾಠ ಮಾಡಿಸಿ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು ಎಂದು ಕೇಳುತ್ತೀರಿ. ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ನಮ್ಮಲ್ಲಿ ಸಂಕ್ರಾಂತಿಗೆ ಮಕ್ಕಳು ಎಳ್ಳು ಬೀರುತ್ತಾರೆ. ಹೊಸ ಬಟ್ಟೆ ತೊಟ್ಟು, ತಟ್ಟೆಯಲ್ಲಿ ಎಳ್ಳುಬೆಲ್ಲ, ಕಬ್ಬಿನ ತುಂಡು, ಸಕ್ಕರೆ ಅಚ್ಚು ಇಟ್ಟುಕೊಂಡು ಮನೆಮನೆಗೆ ಹೋಗಿ, ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ ಎಂದು ಹೇಳಿ ಬರುವುದಕ್ಕಿಂತ ಒಳ್ಳೆಯ ಪಾಠ ಯಾವ ಪಠ್ಯಪುಸ್ತಕದಲ್ಲಿದೆ? ಬಾಗಿಲು ತಟ್ಟಬೇಕು, ಕಾಯಬೇಕು, ಹಿರಿಯರಿಗೆ ಕೊಡುವಾಗ ಬಗ್ಗಬೇಕು, ಅವರು ಕೊಟ್ಟದ್ದನ್ನು ಎರಡು ಕೈಯಲ್ಲಿ ತೆಗೆದುಕೊಳ್ಳಬೇಕು. ಎಲ್ಲವೂ ಅಲ್ಲಿದೆ. ಒಂದು ಸೇರಿಸಿ. ಬೀರಲು ಹೋಗುವ ಮನೆಗಳ ಪಟ್ಟಿಯನ್ನು ಅಮ್ಮ ಹೇಳುವಾಗ ಮಗಳು ಕೇಳಿಸಿಕೊಳ್ಳುತ್ತಿರುತ್ತಾಳೆ; ಅದರಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂಬುದನ್ನು ಅವಳು ನಿಮಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾಳೆ. ಬೀದಿಯ ಕೊನೆಯ ಇಸ್ತ್ರಿ ಅಂಗಡಿಯವರು, ಎದುರು ಕಟ್ಟಡದ ಕಾವಲಿನವರು, ಪಾತ್ರೆ ತೊಳೆಯಲು ಬರುವವರ ಮಕ್ಕಳು ಆ ಪಟ್ಟಿಯಲ್ಲಿ ಇರಲಿ. ಗೇಟಿನ ಹೊರಗೆ ನಿಲ್ಲಿಸಿ ಉಳಿದದ್ದನ್ನು ಸುರಿಯುವ ಹಾಗಲ್ಲದೆ, ಅದೇ ತಟ್ಟೆಯಿಂದ, ಅದೇ ಮಾತು ಹೇಳಿ.

ಹಾಗೆಯೇ ಬೆಳಗಿನ ಕಸದ ಗಾಡಿ. ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ, ಹುಣಸೂರಿನ ಕಡೆಯವರಾದ ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಲ್ಲಿಸಿದರು. ಜಾಡಮಾಲಿ ಎಂಬ ಹೆಸರು ಹೋಗಿ ಪೌರಕಾರ್ಮಿಕರು ಎಂಬ ಹೆಸರು ಬಂತು. ಸೆಪ್ಟೆಂಬರ್ 23ನ್ನು ಅವರ ದಿನವೆಂದು ಆಚರಿಸುತ್ತೇವೆ. ಮೈಸೂರು ದೇಶದ ಸ್ವಚ್ಛ ನಗರವೆಂದು ಹೆಸರು ಪಡೆದಾಗ ನಾವೆಲ್ಲ ಹಿಗ್ಗಿದೆವು. ಆದರೆ ಗಾಡಿಯ ಹಾಡು ಕೇಳಿದೊಡನೆ ಮನೆಯೊಳಗಿಂದ ಬರುವ ಕೂಗು 'ಕಸದವನು ಬಂದ' ಎಂದೇ. ಕಸ ನಮ್ಮದು, ಅವರು ಹೇಗೆ ಕಸದವರಾದರು? ಹೆಸರನ್ನು ಬದಲಾಯಿಸಿಕೊಳ್ಳುವುದು ಒಂದು ಕೆಲಸವಾದರೆ, ಮಾತಿಲ್ಲದೆ ತೋರಬಹುದಾದ ಗೌರವ ಇನ್ನೊಂದು. ಒಡೆದ ಗಾಜಿನ ಲೋಟವನ್ನು ಮಗುವಿನ ಎದುರಿಗೇ ಹಳೆಯ ಪೇಪರಿನಲ್ಲಿ ಎರಡು ಸುತ್ತು ಸುತ್ತಿ, ದಾರ ಕಟ್ಟಿ, ಬೇರೆಯಾಗಿ ಕೈಗೆ ಕೊಟ್ಟು, 'ಒಳಗೆ ಗಾಜಿದೆ ಅಣ್ಣ, ಜೋಪಾನ' ಎಂದು ಹೇಳಿ. ಘನತ್ಯಾಜ್ಯ ನಿಯಮಗಳು ಸ್ಯಾನಿಟರಿ ಪ್ಯಾಡುಗಳನ್ನು ಸುತ್ತಿ ಕೊಡಬೇಕು ಎನ್ನುತ್ತವೆ. ಅದನ್ನು ಗಂಡುಮಕ್ಕಳಿಗೂ ಮುಜುಗರವಿಲ್ಲದೆ ತಿಳಿಸಿ. ಯಾಕೆ ಎಂದು ಮಗು ಕೇಳುತ್ತದೆ. ಅವರು ಬರಿಗೈಯಲ್ಲಿ ವಿಂಗಡಿಸುವುದೂ ಉಂಟು ಎಂಬುದೇ ಉತ್ತರ.

ಶಿಕ್ಷಕ ಮಿತ್ರರಿಗೆ ಒಂದು ಮಾತು. 2023ರಿಂದ ನಮ್ಮ ಶಾಲೆಗಳಲ್ಲಿ ಮಕ್ಕಳು ಸಂವಿಧಾನದ ಪೀಠಿಕೆಯನ್ನು ಓದುತ್ತಿದ್ದಾರೆ. ಅದರಲ್ಲಿ 'ವ್ಯಕ್ತಿ ಗೌರವ' ಎಂಬ ಮಾತಿದೆ. ಆ ಮಾತನ್ನು ಬೆಳಿಗ್ಗೆ ಒಕ್ಕೊರಲಿನಿಂದ ಹೇಳಿಸಿ, ಮೊದಲ ಪೀರಿಯಡ್ಡಿನಲ್ಲೇ 'ಲೇ ಕತ್ತೆ' ಎಂದರೆ, ಎರಡರಲ್ಲಿ ಒಂದನ್ನು ಮಕ್ಕಳು ಬರೀ ಪ್ರಾರ್ಥನೆ ಎಂದುಕೊಳ್ಳುತ್ತಾರೆ. ಯಾವುದನ್ನೆಂದು ನಾನು ಹೇಳಬೇಕಾಗಿಲ್ಲ. ತೊದಲುವ ಮಗುವಿನ ಮಾತನ್ನು ನಾವೇ ಪೂರ್ತಿ ಮಾಡಿಬಿಡುವುದೂ ಹೀಗೆಯೇ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ನಮ್ಮ ವಿದ್ಯಾರ್ಥಿನಿಯೊಬ್ಬಳ ಜೊತೆ ಹೋಗಿದ್ದಾಗ ಅಲ್ಲಿನವರು ಹೇಳಿದ ಮೊದಲ ಮಾತು, ಅವಳು ಮುಗಿಸುವವರೆಗೆ ಕಾಯಿರಿ ಎಂಬುದು. ಇಡೀ ತರಗತಿ ಕಾಯುವುದನ್ನು ಕಲಿಯಲು ಒಂದು ತಿಂಗಳು ಹಿಡಿಯಿತು. ನನಗೆ ಇನ್ನೂ ಸ್ವಲ್ಪ ಹೆಚ್ಚು.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಮೂರನೆಯ ಸಾಲಿನಲ್ಲಿದ್ದ ತಾಯಿಯೊಬ್ಬರು ಎದ್ದು ನಿಂತರು. 'ನನ್ ಮಗ ಅವರಪ್ಪನ್ನ ನೀವು ಅಂತಾನೆ, ನನ್ನ ನೀನು ಅಂತಾನೆ. ಇದು ಸರೀನಾ ಸಾರ್?' ಎಂದರು. ನಮ್ಮ ಸೀಮೆಯ ಎಷ್ಟೋ ಮನೆಗಳ ರೂಢಿಯಿದು. ನಾನು ಆಗಲೇ ಹೇಳಿದ್ದ ಮಾತನ್ನೇ ಮತ್ತೆ ಹೇಳತೊಡಗಿದೆ: ಅವ್ವನಿಗೆ ಹೇಳುವ 'ನೀನು' ಸಲಿಗೆಯದೋ ಸದರದ್ದೋ ಎಂಬುದನ್ನು ನೋಡಬೇಕು, ಮನೆಯ ಯಜಮಾನರು ಅವರನ್ನು ಹೇಗೆ ಕರೆಯುತ್ತಾರೆ ಎಂಬುದನ್ನೂ ನೋಡಬೇಕು, ಹೀಗೆ. ಅವರು ನಡುವೆಯೇ ನನ್ನನ್ನು ತಡೆದರು.

'ಅಲ್ಲ ಸಾರ್, ನೀನು ಅಂದ್ರೇನೇ ನಂಗಿಷ್ಟ. ನೀವು ಅಂದ್ರೆ ಯಾರೋ ಹೊರಗ್ನೋರ್ನ ಕರ್ದಂಗೆ ಕೇಳ್ಸುತ್ತೆ. ಆದ್ರೆ ಉಂಡ್ ತಟ್ಟೆ ಅಲ್ಲೇ ಬಿಟ್ಟು ಎದ್ದೋಗ್ತಾನಲ್ಲ, ಅದು ಬೇಜಾರು.'

ಒಂದು ಗಂಟೆಯ ಕಾಲ ಕ್ರಿಯಾಪದಗಳ ಬಗ್ಗೆ, ಲೋಟಗಳ ಬಗ್ಗೆ ಮಾತನಾಡಿದ ನಾನು ತಟ್ಟೆಯ ಮಾತನ್ನೇ ಎತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವರಪ್ಪನೂ ಬಿಟ್ಟು ಏಳುತ್ತಾರೆಯೇ?' ಎಂದು ಕೇಳಿದೆ. ಅವರು ಉತ್ತರ ಹೇಳದೆ, ಹಿಂದೆ ಗಂಡಸರು ಕುಳಿತಿದ್ದ ಸಾಲಿನ ಕಡೆಗೆ ತಿರುಗಿ ನೋಡಿದರು.